ಒಂದೇ ಆ್ಯಪ್, ಎರಡು ಸಂತೆ

ನೀವೊಂದು ಆ್ಯಪ್ ಮಾಡಿದ್ದೀರಿ ಅಂತ ನಾಲ್ಕು ಜನರ ಹತ್ತಿರ ಹೇಳಿ ನೋಡಿ. ಆಂಡ್ರಾಯ್ಡ್ ಫೋನ್ ಇಟ್ಟುಕೊಂಡವರು ಮೊದಲು ಕೇಳುವುದು, ‘ಫ್ರೀ ತಾನೇ?’ ಐಫೋನಿನವರು ಕೇಳುವುದು, ‘ನಮ್ಮದರಲ್ಲಿ ಬರುತ್ತಾ?’ ‘ಅದು ಏನು ಮಾಡುತ್ತೆ?’ ಅನ್ನೋ ಪ್ರಶ್ನೆ ಇಬ್ಬರಿಂದಲೂ ಆಮೇಲೇ ಬರೋದು.

ಹೊಟ್ಟೆಪಾಡಿಗೆ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು ಬರೆದ ಆ್ಯಪನ್ನು ಎರಡೂ ಬಗೆಯ ಫೋನಿನಲ್ಲಿ ಒತ್ತಿ, ಎಳೆದು, ಅಡ್ಡ ಹಿಡಿದು, ಎಲ್ಲಿ ಕೈಕೊಡುತ್ತದೆ ಅಂತ ಹುಡುಕುವ ಕೆಲಸ. ಹಾಗಾಗಿ ಬ್ಯಾಗಿನಲ್ಲಿ ಸದಾ ಎರಡು ಫೋನು. ಇದರ ಜತೆಗೆ ಎರಡು ವರ್ಷದಿಂದ ನಾನೂ ನನ್ನ ಗೆಳತಿಯೂ ಸೇರಿ ನಮ್ಮದೇ ಒಂದು ಪುಟ್ಟ ಆ್ಯಪ್ ನಡೆಸುತ್ತಿದ್ದೇವೆ. ಅವಳು ಕೋಡ್ ಬರೆಯುತ್ತಾಳೆ, ನಾನು ತಪ್ಪು ಹುಡುಕುತ್ತೇನೆ; ಗೆಳೆತನ ಇನ್ನೂ ಉಳಿದಿದೆ. ದೊಡ್ಡ ಆ್ಯಪ್ ಏನಲ್ಲ. ನಮ್ಮ ಅಮ್ಮಂದಿರು ಗೋಡೆಯ ಕ್ಯಾಲೆಂಡರಿನಲ್ಲಿ ‘ಅರ್ಧ’, ‘ಒಂದು’, ‘ಇಲ್ಲ’ ಅಂತ ಹಾಲಿನ ಲೆಕ್ಕ ಗೀಚಿ ತಿಂಗಳ ಕೊನೆಗೆ ಕೂಡುತ್ತಿದ್ದರಲ್ಲ, ಅದೇ ಕ್ಯಾಲೆಂಡರ್ ಫೋನಿನೊಳಗೆ. ಹಾಲು, ಪೇಪರು, ನೀರಿನ ಕ್ಯಾನು. ದಿನಾ ಗುರುತು ಹಾಕುವುದಕ್ಕೆ ದುಡ್ಡಿಲ್ಲ. ತಿಂಗಳ ಲೆಕ್ಕದ ಚೀಟಿ ಬೇಕೆಂದರೆ ಒಂದು ಸಲ 49 ರೂಪಾಯಿ.

ಈ 49 ರೂಪಾಯಿಯ ಬೆನ್ನು ಹತ್ತಿ ಹೋದಾಗಲೇ ನನಗೆ ಎರಡು ಫೋನುಗಳ ವ್ಯತ್ಯಾಸ ಸರಿಯಾಗಿ ಕಾಣಿಸಿದ್ದು. ಕ್ಯಾಮೆರಾ ಯಾವುದು ಚೆಂದ, ಬ್ಯಾಟರಿ ಯಾವುದು ಬಾಳಿಕೆ ಅನ್ನೋ ಜಗಳಗಳನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅಂಗಡಿಯ ಬಾಡಿಗೆಯಿಂದಲೇ ಶುರು ಮಾಡೋಣ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಇಡಲು ಖಾತೆ ತೆರೆಯುವುದಕ್ಕೆ 25 ಡಾಲರ್, ಜೀವಮಾನಕ್ಕೆ ಒಂದೇ ಸಲ. ಆಪಲ್‌ನ ಆ್ಯಪ್ ಸ್ಟೋರಿಗೆ 99 ಡಾಲರ್, ವರ್ಷ ವರ್ಷವೂ. ಕಟ್ಟದಿದ್ದರೆ ಆ್ಯಪ್ ಅಂಗಡಿಯಿಂದ ಇಳಿದುಹೋಗುತ್ತದೆ. ಈಗಾಗಲೇ ಹಾಕಿಕೊಂಡವರ ಫೋನಿನಲ್ಲಿ ಇರುತ್ತದೆ, ಹೊಸಬರಿಗೆ ಸಿಗುವುದಿಲ್ಲ. ಮಾರಾಟದ ಮೇಲೆ ಎರಡೂ ಅಂಗಡಿಯವರು ಮೊದಲೆಲ್ಲ ನೂರಕ್ಕೆ 30 ಹಿಡಿಯುತ್ತಿದ್ದರು. 2021ರಿಂದ ನಮ್ಮಂಥ ಸಣ್ಣವರಿಗೆ ಅದು 15. ಅಂದರೆ ತೆರಿಗೆಯ ಮಾತು ಬಿಟ್ಟರೂ 49ರಲ್ಲಿ ನಮ್ಮ ಕೈಗೆ ಬರುವುದು 41 ರೂಪಾಯಿ ಚಿಲ್ಲರೆ. ಐಫೋನಿನ ಅಂಗಡಿಯ ಬಾಡಿಗೆ ಹುಟ್ಟಬೇಕಾದರೆ ಪ್ರತಿ ವರ್ಷ ಹೆಚ್ಚೂಕಡಿಮೆ 200 ಹೊಸ ಜನ ದುಡ್ಡು ಕೊಡಬೇಕು. ಹಾಲಿನ ಲೆಕ್ಕಕ್ಕೆ! ಇನ್ನು ಭಾರತದಲ್ಲಿ ನೂರು ಸ್ಮಾರ್ಟ್‌ಫೋನ್ ಇದ್ದರೆ 95ರ ಆಸುಪಾಸು ಆಂಡ್ರಾಯ್ಡೇ. ಬುದ್ಧಿ ಇರುವ ಯಾರಾದರೂ ಐಫೋನಿನ ಕಡೆ ತಲೆ ಹಾಕಬಾರದು, ಅಲ್ವಾ?

ಹಾಗಿದ್ದೂ ಹಾಕುತ್ತಾರೆ. ಯಾಕೆ ಅನ್ನೋದಕ್ಕೆ ಹಳೆಯ ಕಥೆ ಒಂದಿದೆ. ‘ಆ್ಯಂಗ್ರಿ ಬರ್ಡ್ಸ್’ ನೆನಪಿದೆಯಾ? ಫಿನ್‌ಲೆಂಡಿನ ರೋವಿಯೊ ಕಂಪನಿ ಅದನ್ನು 2009ರ ಡಿಸೆಂಬರಿನಲ್ಲಿ ಐಫೋನಿಗೆ ತಂದಾಗ ಬೆಲೆ 99 ಸೆಂಟ್. ಜನ ಮುಗಿಬಿದ್ದು ಕೊಂಡರು. 2010ರ ಅಕ್ಟೋಬರಿನಲ್ಲಿ ಅದೇ ಆಟ ಆಂಡ್ರಾಯ್ಡಿಗೆ ಬಂದಾಗ ಬೆಲೆ ಸೊನ್ನೆ, ಬದಲಿಗೆ ಪರದೆಯಲ್ಲಿ ಜಾಹೀರಾತು. ಅದೇ ಹಕ್ಕಿ, ಅದೇ ಹಂದಿ, ಅದೇ ಕವಣೆ. ಒಂದು ಸಂತೆಯಲ್ಲಿ ಆಟಗಾರ ಗಿರಾಕಿ; ಇನ್ನೊಂದರಲ್ಲಿ ಜಾಹೀರಾತು ಕೊಡುವವನೇ ಗಿರಾಕಿ. ಆಗ ಎಷ್ಟೋ ದೇಶಗಳ ಆಂಡ್ರಾಯ್ಡ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ ಅನ್ನೋದನ್ನು ಮರೆಯಬಾರದು. ಜನ ಕೊಡಲಿಲ್ಲ ಅನ್ನುವ ಮುಂಚೆ, ಕೊಡಲು ದಾರಿ ಇತ್ತಾ ಅಂತ ಕೇಳಬೇಕು.

ಐದು ವರ್ಷದ ಮೇಲೆ, 2015ರ ಜನವರಿಯಲ್ಲಿ, ‘ಮಾನ್ಯುಮೆಂಟ್ ವ್ಯಾಲಿ’ ಅನ್ನೋ ಚೆಂದದ ಆಟ ಮಾಡಿದವರು ಒಂದು ಲೆಕ್ಕ ಹೊರಗೆ ಹಾಕಿದರು. ಐಫೋನ್, ಐಪ್ಯಾಡುಗಳಲ್ಲಿ ಆ ಆಟ ಕೂತ ಸಲಗಳಲ್ಲಿ ನೂರಕ್ಕೆ 40 ದುಡ್ಡು ಕೊಟ್ಟವು. ಆಂಡ್ರಾಯ್ಡಿನಲ್ಲಿ ನೂರಕ್ಕೆ ಐದು. ಒಬ್ಬರೇ ಎರಡು ಮೂರು ಸಾಧನಗಳಲ್ಲಿ ಹಾಕಿಕೊಂಡದ್ದೂ ಇದರಲ್ಲಿ ಸೇರಿತ್ತು ಅಂತ ಅವರೇ ವಿವರಿಸಿದರು. ಆದರೆ ಅಂಥ ವಿವರ ಯಾರಿಗೆ ಬೇಕು? ‘ಆಂಡ್ರಾಯ್ಡಿನವರು ಜಿಪುಣರು’ ಅನ್ನೋ ಮಾತು ಮಾತ್ರ ಉಳಿಯಿತು. ನಮ್ಮ ಆಫೀಸಿನ ಕಾಫಿ ಮಷೀನಿನ ಮುಂದೆ ಈಗಲೂ ಅದನ್ನು ಹೇಳುವವರಿದ್ದಾರೆ.

ನನಗೆ ಆ ಮಾತು ಒಪ್ಪಿಗೆ ಇಲ್ಲ. ನಮ್ಮ ಆ್ಯಪಿಗೆ ಆಂಡ್ರಾಯ್ಡಿನಲ್ಲಿ ದುಡ್ಡು ಬರುತ್ತದೆ. ಆದರೆ ಬರುವ ರೀತಿ ಬೇರೆ. ಐಫೋನಿನವರು ಹಾಕಿಕೊಂಡ ದಿನವೇ, ಕೆಲವರು ಹಾಕಿಕೊಂಡ ಹತ್ತು ನಿಮಿಷದಲ್ಲೇ, 49 ಒತ್ತಿಬಿಡುತ್ತಾರೆ. ಆಮೇಲೆ ಎಷ್ಟೋ ಜನ ಆ್ಯಪ್ ತೆರೆಯುವುದೇ ಇಲ್ಲ. ಆಂಡ್ರಾಯ್ಡಿನವರು ಒಂದು ತಿಂಗಳು, ಎರಡು ತಿಂಗಳು ಗುರುತು ಹಾಕಿ ನೋಡುತ್ತಾರೆ. ತಿಂಗಳ ಮೊದಲ ವಾರ, ಸಂಬಳ ಬಂದು ಹಾಲಿನವನ ಲೆಕ್ಕವೂ ಬಂದಾಗ, ಪಟಪಟ ಅಂತ ಕೊಡುತ್ತಾರೆ. ಒಮ್ಮೆ ಕೊಟ್ಟವರು ದಿನಾ ಬಳಸುತ್ತಾರೆ. ಇದು ಜಿಪುಣತನ ಅಲ್ಲ, ಮುಟ್ಟಿ ನೋಡಿ ಕೊಳ್ಳುವುದು. ಬದನೆಕಾಯಿಯನ್ನೂ ನಾವು ಹಾಗೇ ತಾನೇ ಕೊಳ್ಳೋದು?

ಇನ್ನೊಂದು ಸ್ವಾರಸ್ಯ ಏನಂದರೆ, ಇವತ್ತು ನಮ್ಮಲ್ಲಿ ಎರಡೂ ಅಂಗಡಿಗೆ ದುಡ್ಡು ಹೋಗುವ ದಾರಿ ಹೆಚ್ಚೂಕಡಿಮೆ ಒಂದೇ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ತಾನೇ ತಾನಾಗಿ ಖಾತೆಯಿಂದ ಕಡಿತವಾಗುವ ಚಂದಾ ಹಣಕ್ಕೆ 24 ಗಂಟೆ ಮೊದಲು ತಿಳಿಸಬೇಕು. ಅದಾದ ಮೇಲೆ, 2022ರಲ್ಲಿ, ಆಪಲ್ ತನ್ನ ಭಾರತದ ಅಂಗಡಿಯಲ್ಲಿ ಕ್ರೆಡಿಟ್, ಡೆಬಿಟ್ ಕಾರ್ಡುಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಯುಪಿಐ, ನೆಟ್ ಬ್ಯಾಂಕಿಂಗ್, ಇಲ್ಲವೇ ಮೊದಲೇ ತುಂಬಿಟ್ಟ ಬ್ಯಾಲೆನ್ಸ್. ಲಕ್ಷ ರೂಪಾಯಿಯ ಫೋನಿನವರೂ ಹತ್ತು ಸಾವಿರದ ಫೋನಿನವರೂ ಒಂದೇ ಯುಪಿಐ ಪಿನ್ ಒತ್ತುತ್ತಾರೆ. ಆದರೂ ಅಭ್ಯಾಸ ಬೇರೆಯೇ ಉಳಿದಿದೆ.

ಯಾಕೆ ಅಂತ ತಿಳಿಯಬೇಕಾದರೆ ಫೋನಿನ ಹೊಟ್ಟೆ ನೋಡಬೇಕು. ನಮ್ಮ ಆಂಡ್ರಾಯ್ಡ್ ಬಳಕೆದಾರರಲ್ಲಿ ಆ್ಯಪ್ ತೆಗೆದುಹಾಕುವವರು ಬಹಳ. ಮೊದಮೊದಲು ನನ್ನ ಗೆಳತಿಗೆ ಆ ಅಂಕಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನಿಧಾನಕ್ಕೆ ಗೊತ್ತಾಯಿತು, ತೆಗೆದವರೇ ತಿಂಗಳ ಕೊನೆಗೆ ಮತ್ತೆ ಬರುತ್ತಾರೆ. ಅದು ಬಿಸಾಕುವುದಲ್ಲ, ಅಟ್ಟಕ್ಕೆ ಹಾಕುವುದು. ಜಾಗ ಸಾಲದ ಫೋನಿನಲ್ಲಿ ಮೊಮ್ಮಗುವಿನ ವಿಡಿಯೊ ಇಳಿಸಿಕೊಳ್ಳಬೇಕಾದರೆ ಏನಾದರೊಂದನ್ನು ತೆಗೆಯಲೇಬೇಕು. ಊರಿಗೆ ಹೋಗುವಾಗ ಬಸ್ ಟಿಕೆಟ್ ಆ್ಯಪ್ ಹಾಕಿಕೊಂಡು, ಬಂದ ಮೇಲೆ ತೆಗೆಯುವವರು ನಿಮ್ಮ ಮನೆಯಲ್ಲೂ ಇರುತ್ತಾರೆ. ಗುಡ್ ಮಾರ್ನಿಂಗ್ ಚಿತ್ರಗಳಿಂದ ಭಾರತದ ಫೋನುಗಳು ತುಂಬಿಹೋಗುತ್ತಿವೆ ಅನ್ನೋದು ಗೂಗಲ್‌ಗೇ ತಲೆನೋವಾಗಿ, 2017ರ ಡಿಸೆಂಬರಿನಲ್ಲಿ ‘ಫೈಲ್ಸ್ ಗೋ’ ಅನ್ನೋ ಕಸ ಗುಡಿಸುವ ಆ್ಯಪನ್ನು ತಂದಿತು. ನಾವು ಮಾಡಿದ್ದು ಇಷ್ಟೇ: ಆ್ಯಪ್ ಹೋದರೂ ಲೆಕ್ಕ ಉಳಿಯುವ ಹಾಗೆ, ಆ್ಯಪಿನ ಗಾತ್ರ ಒಂದೆರಡು ಫೋಟೊಗಳಷ್ಟೇ ಇರುವ ಹಾಗೆ. ಐಫೋನಿನವರು ಗಾತ್ರದ ಬಗ್ಗೆ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.

ಜಾಹೀರಾತು ಹಾಕಿ ಪೂರ್ತಿ ಫ್ರೀ ಕೊಡಬಹುದಿತ್ತು. ಹಾಗೆ ಕೊಡುವ ಬೇರೆ ಲೆಕ್ಕದ ಆ್ಯಪುಗಳನ್ನು ಹಾಕಿಕೊಂಡು ಒಂದು ವಾರ ಬಳಸಿ ನೋಡಿದೆವು. ಒಂದರಲ್ಲಿ ‘ಅರ್ಧ ಲೀಟರ್’ ಒತ್ತಿದರೆ ಪೂರ್ತಿ ಪರದೆಯ ಜಾಹೀರಾತು. ಅದನ್ನು ಮುಚ್ಚುವ ಗುಣಿಸು ಚಿಹ್ನೆ ಇರುವೆ ಗಾತ್ರದ್ದು, ತಪ್ಪಿ ಬೆರಳು ಪಕ್ಕಕ್ಕೆ ಬಿದ್ದರೆ ಇನ್ಯಾವುದೋ ಆ್ಯಪಿನ ಬಾಗಿಲು. ಅದರಲ್ಲೂ ಹೆಚ್ಚು ಬಂದದ್ದು ಸಾಲದ ಆ್ಯಪುಗಳದ್ದು. ಐದು ನಿಮಿಷದಲ್ಲಿ ಸಾಲ, ಕಾಗದಪತ್ರ ಬೇಡ. ಮನೆ ಖರ್ಚು ಕೂಡಿಸಿ ‘ಅಯ್ಯೋ, ಈ ತಿಂಗಳು ಇಷ್ಟಾಯ್ತಾ’ ಅಂದುಕೊಳ್ಳುವ ಗಳಿಗೆಯಲ್ಲೇ ಆ ಜಾಹೀರಾತು. ಅಂಥ ಕೆಲವು ಆ್ಯಪುಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನಾವು ಜಾಹೀರಾತು ಬೇಡ ಅಂದೆವು. ಆದಾಯದ ದೃಷ್ಟಿಯಿಂದ ಜಾಣತನ ಅಲ್ಲ, ಗೊತ್ತಿದೆ.

ಫ್ರೀ ಆ್ಯಪಿನವರು ಈ ವ್ಯಾಪಾರದಲ್ಲಿ ಮಾರುವ ಸರಕು ಬಳಸುವವರ ಗಮನ, ಗುರುತು. ಐಫೋನಿನಲ್ಲಿ ಅದಕ್ಕೊಂದು ಅಡ್ಡಗೋಡೆ ಬಿದ್ದದ್ದು 2021ರ ಏಪ್ರಿಲಿನಲ್ಲಿ, ಐಓಎಸ್ 14.5ರಿಂದ ಬೇರೆ ಆ್ಯಪುಗಳಲ್ಲಿ ನಿಮ್ಮ ಓಡಾಟ ಹಿಂಬಾಲಿಸುವ ಮುನ್ನ ಆ್ಯಪ್ ನಿಮ್ಮನ್ನು ಕೇಳಲೇಬೇಕು. ನೋಟಿಫಿಕೇಷನ್ನಿನ ವಿಷಯವೂ ಹಾಗೇ. ಐಫೋನಿನಲ್ಲಿ ಮೊದಲಿನಿಂದಲೂ ಅನುಮತಿ ಬೇಕು. ಆಂಡ್ರಾಯ್ಡಿನಲ್ಲಿ ಆ ಪ್ರಶ್ನೆ ಬಂದದ್ದು 2022ರ 13ನೇ ಆವೃತ್ತಿಯಲ್ಲಿ. ಅದಕ್ಕೂ ಹಳೆಯ ಫೋನು ಇನ್ನೂ ನಡೆಯುತ್ತಿರುವ ಮನೆಗಳಲ್ಲಿ ಆ್ಯಪುಗಳು ಕೇಳದೆಯೇ ಕೂಗುತ್ತವೆ. ನಮ್ಮ ಚಿಕ್ಕಮ್ಮನ ಫೋನು ಬೆಳಗ್ಗೆಯಿಂದ ಸಂಜೆಯವರೆಗೆ ಟಿಂಗ್ ಟಿಂಗ್ ಅನ್ನುತ್ತಲೇ ಇರುತ್ತದೆ, ಅವರು ಅದನ್ನು ಗಿಳಿ ಸಾಕಿದ ಹಾಗೆ ಸಾಕಿಕೊಂಡಿದ್ದಾರೆ.

ಇವೆರಡರ ಪಕ್ಕ ಮೂರನೆಯ ಸಂತೆಯೂ ಒಂದಿದೆ, ಅದು ವಾಟ್ಸ್ಆ್ಯಪಿನೊಳಗೆ. ಆಂಡ್ರಾಯ್ಡಿನಲ್ಲಿ ಅಂಗಡಿಗೆ ಹೋಗದೆ ಎಪಿಕೆ ಕಡತದಿಂದ ನೇರ ಆ್ಯಪ್ ಹಾಕಿಕೊಳ್ಳಬಹುದು. ನನ್ನಂಥ ಟೆಸ್ಟರಿಗೆ ಅದು ವರ. ಮೋಸಗಾರರಿಗೂ ವರ. ಮದುವೆ ಕರೆಯೋಲೆ ಅಂತಲೋ, ಟ್ರಾಫಿಕ್ ದಂಡದ ಚಲನ್ ಅಂತಲೋ ಎಪಿಕೆ ಬರುತ್ತದೆ. ಒತ್ತಿ ಒಪ್ಪಿಗೆ ಕೊಟ್ಟರೆ ಓಟಿಪಿ ಸಂದೇಶಗಳನ್ನು ಓದಲು ಶುರು ಮಾಡುತ್ತದೆ, ಖಾತೆ ಖಾಲಿ. ಐಫೋನಿನಲ್ಲಿ ಎಪಿಕೆ ತೆರೆಯುವುದೇ ಇಲ್ಲ. ಐಫೋನಿನವರು ಬೇರೆ ಮೋಸಗಳಿಗೆ ಬೀಳುತ್ತಾರೆ, ಈ ಮೋಸಕ್ಕಲ್ಲ.

ಇದು ನಮಗೆ ತಟ್ಟಿದ್ದು ಪ್ಲೇ ಸ್ಟೋರಿನ ಒಂದು ನಿಯಮದಿಂದ. ಈಗ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಜನರನ್ನು ಸೇರಿಸಿ 14 ದಿನ ಬಿಡದೆ ಪರೀಕ್ಷೆ ನಡೆಸಿದ ಮೇಲೆಯೇ ಆ್ಯಪನ್ನು ಎಲ್ಲರಿಗೂ ತೆರೆಯಲು ಕೇಳಿಕೊಳ್ಳಬಹುದು. ಅಮ್ಮ, ಅತ್ತಿಗೆ, ಪಿಜಿಯ ಹಳೆಯ ಸ್ನೇಹಿತೆಯರು, ಎಲ್ಲರಿಗೂ ಕೊಂಡಿ ಕಳಿಸಿದೆ. ಅಮ್ಮ ವಾಪಸ್ ಫೋನ್ ಮಾಡಿದರು. ‘ನಿನ್ನ ನಂಬರಿನಿಂದ ಏನೋ ಲಿಂಕ್ ಬಂದಿದೆ ಕಣೇ. ನಿನ್ನ ಫೋನು ಯಾರಾದ್ರೂ ಹ್ಯಾಕ್ ಮಾಡಿದ್ದಾರಾ ನೋಡು, ನಾನಂತೂ ಒತ್ತಿಲ್ಲ.’ ನನಗೆ ನಗುವೂ ಬಂತು, ಹೆಮ್ಮೆಯೂ ಆಯ್ತು. ಆವತ್ತೇ ನಿರ್ಧಾರ ಮಾಡಿದೆವು, ನಮ್ಮ ಆ್ಯಪಿನಿಂದ ಯಾರಿಗೂ ಕೊಂಡಿ ಹೋಗಬಾರದು. ಲೆಕ್ಕದ ಚೀಟಿ ಹೋಗುವುದಾದರೆ ಬರೀ ಚಿತ್ರವಾಗಿ ಹೋಗಲಿ. ತೆರೆಯುವುದೇನೂ ಇಲ್ಲ, ನೋಡಿದರೆ ಸಾಕು.

ಈ ನಿರ್ಧಾರ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅನ್ನೋದೇ ನಾನು ಮುಖ್ಯವಾಗಿ ಹೇಳಹೊರಟ ವಿಷಯ.

ಎರಡೂ ಕಡೆಯಿಂದ ಬೇಡಿಕೆಗಳು ಬರತೊಡಗಿದವು. ಐಫೋನಿನವರು ಅಂಗಡಿಯಲ್ಲಿ ವಿಮರ್ಶೆ ಬರೆಯುವುದು ಕಡಿಮೆ, ಇಮೇಲ್ ಬರೆಯುತ್ತಾರೆ. ಅವರಲ್ಲಿ ಅನೇಕರಿಗೆ ಹಾಲಿನ ಲೆಕ್ಕ ಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಬಾಗಿಲಿಗೆ ಹಾಲು ಇನ್ನೊಂದು ಆ್ಯಪಿನಿಂದಲೇ ಬರುತ್ತದೆ. ಅವರು ಲೆಕ್ಕ ಇಡುತ್ತಿದ್ದದ್ದು ಇಸ್ತ್ರಿ ಬಟ್ಟೆಗೆ, ಕಾರು ತೊಳೆಯುವವರಿಗೆ, ಮನೆಗೆಲಸದವರಿಗೆ. ‘ಕೆಲಸದವರು ಬರದ ದಿನದ ಸಂಬಳ ತಾನೇ ಕಳೆಯುವ ಹಾಗೆ ಮಾಡಿ’ ಅನ್ನೋ ಕೋರಿಕೆ ಬೇರೆ ಬೇರೆಯವರಿಂದ ಬಂತು.

ಆಂಡ್ರಾಯ್ಡಿನವರದ್ದು ಪ್ಲೇ ಸ್ಟೋರಿನ ವಿಮರ್ಶೆಯೇ ಪತ್ರಪೆಟ್ಟಿಗೆ. ‘ಸೂಪರ್ ಆ್ಯಪ್’ ಅಂತ ಬರೆದು ಒಂದೇ ನಕ್ಷತ್ರ ಕೊಡುತ್ತಾರೆ, ಜತೆಗೆ ಫೋನ್ ನಂಬರನ್ನೂ ಹಾಕಿ ‘ಕಾಲ್ ಮಾಡಿ’ ಅನ್ನುತ್ತಾರೆ. ಅಂಥದ್ದೊಂದು ಒಂದು ನಕ್ಷತ್ರದ ವಿಮರ್ಶೆ ನಮ್ಮಿಬ್ಬರನ್ನೂ ಕೂರಿಸಿ ಯೋಚನೆಗೆ ಹಚ್ಚಿತು: ‘ನಾನು ಹಾಲು ಹಾಕೋನು. 40 ಮನೆ ಇದೆ. ಇದರಲ್ಲಿ ಒಂದು ಮನೆ ಲೆಕ್ಕ ಮಾತ್ರ ಬರುತ್ತೆ. ನಲವತ್ತು ಫೋನ್ ತಗೊಳ್ಳಾ?’

ನೋಡಿ, ನಾವು ಆ್ಯಪ್ ಮಾಡುವಾಗ ಕ್ಯಾಲೆಂಡರಿಗೆ ಗೀಚುವ ಅಮ್ಮನನ್ನು ಕಣ್ಣ ಮುಂದಿಟ್ಟುಕೊಂಡಿದ್ದೆವು. ಹಾಲು ಹಾಕುವವರು ಅದನ್ನು ಮಗುಚಿ ಹಾಕಿಕೊಂಡು ಬಳಸಲು ನೋಡುತ್ತಿದ್ದರು. ಹಿಂದಿನ ವಿಮರ್ಶೆಗಳನ್ನೆಲ್ಲ ಮತ್ತೆ ಓದಿದೆ. ಪೇಪರ್ ಹಾಕುವ ಹುಡುಗ, ನೀರಿನ ಕ್ಯಾನಿನ ಅಂಗಡಿ, ಇಸ್ತ್ರಿಯವರು. ನಮ್ಮ ಎರಡು ಸಂತೆಗಳು ಎರಡು ಬೇರೆ ಊರಲ್ಲಿರಲಿಲ್ಲ. ಒಂದೇ ಲೆಕ್ಕದ ಕೊಡುವ ತುದಿಯಲ್ಲಿ ಹೆಚ್ಚಾಗಿ ಐಫೋನು, ಪಡೆಯುವ ತುದಿಯಲ್ಲಿ ಆಂಡ್ರಾಯ್ಡು. ಲಿಫ್ಟಿನಲ್ಲಿ ಇಬ್ಬರೂ ಒಟ್ಟಿಗೇ ಹೋಗುತ್ತಾರೆ.

ಆಗ ಸಂಬಳ ಕಳೆಯುವ ಆ ಕೋರಿಕೆ ಬೇರೆಯೇ ಕಾಣತೊಡಗಿತು. ದುಡ್ಡು ಕೊಡುವ ಬಳಕೆದಾರರು ಕೇಳಿದ್ದಾರೆ, ಮಾಡಿದರೆ ಇನ್ನಷ್ಟು ಜನ ಬರುತ್ತಾರೆ, 99 ಡಾಲರ್ ಹುಟ್ಟುತ್ತದೆ. ಆದರೆ ಗೆಳತಿ ಕೇಳಿದಳು, ‘ಬಂದ ದಿನಕ್ಕೂ ಬಂದಿಲ್ಲ ಅಂತ ಗುರುತು ಹಾಕಿದ್ರೆ? ಆಯಮ್ಮನಿಗೆ ಗೊತ್ತಾಗೋದು ಹೇಗೆ?’ ನಮ್ಮ ಮನೆಗೆ ಬರುವ ಅಕ್ಕನ ಹತ್ತಿರ ಒಂದು ಹಳೆಯ ಫೋನಿದೆ, ಸಂಜೆಯಾದರೆ ಅದು ಮಗಳ ಕೈಗೆ. ಅವರ ರಜೆಯ ಲೆಕ್ಕ ಅವರ ಬಾಯಲ್ಲಿರುತ್ತದೆ: ‘ಹಬ್ಬದ ದಿನ ಒಂದು, ಮಗಳ ಸ್ಕೂಲಿಗೆ ಹೋದದ್ದು ಒಂದು.’ ಎದುರಿಗಿರುವವರ ಕೈಯಲ್ಲಿ ತಾರೀಖು ಸಮೇತ ಆ್ಯಪಿನ ಪಟ್ಟಿ ಇದ್ದರೆ, ಬಾಯಿಮಾತಿನ ಲೆಕ್ಕ ನಿಲ್ಲುತ್ತಾ? ನಮಗೆ ನೂರು ರೂಪಾಯಿ ಸಣ್ಣದು, ಆ ಕಡೆಗೆ ಅಲ್ಲ.

ಹಾಗಾಗಿ ಆ ಸೌಲಭ್ಯಕ್ಕೆ ಒಂದು ಷರತ್ತು ಹಾಕಿದೆವು. ರಜೆಯ ಗುರುತು ಹಾಕಬಹುದು, ಆದರೆ ವಾರಕ್ಕೊಮ್ಮೆ ಆ ಪಟ್ಟಿ ಚಿತ್ರವಾಗಿ ಕೆಲಸ ಮಾಡುವವರ ವಾಟ್ಸ್ಆ್ಯಪಿಗೆ ಕಳಿಸಿ, ಕಳಿಸಿದೆ ಎಂದು ಒತ್ತಿದರೆ ಮಾತ್ರ ತಿಂಗಳ ಕೊನೆಯ ಕಳೆಯುವಿಕೆ ತೆರೆಯುತ್ತದೆ. ಕೊಂಡಿ ಇಲ್ಲ, ಎಪಿಕೆ ಇಲ್ಲ, ಹಾಕಿಕೊಳ್ಳಬೇಕಾದ ಆ್ಯಪ್ ಇಲ್ಲ, ಜಾಗವೂ ತಿನ್ನುವುದಿಲ್ಲ. ಸಂಜೆ ಮಗಳು ಓದಿ ಹೇಳಿದರೂ ಸಾಕು. ಐಫೋನಿನ ಕೆಲವರು ಇದು ಕಿರಿಕಿರಿ ಅಂದರು. ಒಂದಿಬ್ಬರು ದುಡ್ಡು ವಾಪಸ್ ಕೇಳಿದರು. ಬಿಡಿ.

ಭಾಷೆಯ ತೊಡಕು ಆಮೇಲೆ ಬಂತು. ಆಂಡ್ರಾಯ್ಡ್ ಇಡೀ ಫೋನನ್ನು ಕನ್ನಡದಲ್ಲಿ ತೋರಿಸಲು ಶುರು ಮಾಡಿದ್ದು 2014ರ 5.0 ಆವೃತ್ತಿಯಲ್ಲಿ. ಐಫೋನಿನ ವ್ಯವಸ್ಥೆಯ ಭಾಷೆಗಳ ಪಟ್ಟಿಗೆ ಕನ್ನಡ ಸೇರಿದ್ದು 2025ರಲ್ಲಿ, ಐಓಎಸ್ 18.4ರ ಜತೆ. ನಡುವೆ ಹತ್ತು ವರ್ಷ! ಈಗ ದೇವನಹಳ್ಳಿಯ ಹತ್ತಿರವೇ ಐಫೋನ್ ತಯಾರಾಗುತ್ತದೆ, ಹೆಬ್ಬಾಳದ ಕಡೆಯ ಮಾಲಿನಲ್ಲಿ ಆಪಲ್‌ನ ಸ್ವಂತ ಅಂಗಡಿಯೂ ಬಂದಿದೆ. ಆದರೂ ನಮ್ಮ ಐಫೋನ್ ಬಳಕೆದಾರರಲ್ಲಿ ಕನ್ನಡ ಆರಿಸಿಕೊಂಡವರು ಬೆರಳೆಣಿಕೆ. ಇಂಗ್ಲಿಷ್ ಬರುವವರೇ ನಮ್ಮ ಗಿರಾಕಿ ಅಂತ ಅಂಗಡಿ ಅಂದುಕೊಂಡಿತು, ಇಂಗ್ಲಿಷೇ ಐಫೋನಿನ ಭಾಷೆ ಅಂತ ಗಿರಾಕಿಗಳೂ ಅಂದುಕೊಂಡರು. ಕ್ಲಬ್‌ಹೌಸ್ ನೆನಪಿಸಿಕೊಳ್ಳಿ. ಐಫೋನಿನಲ್ಲಿ ಮಾತ್ರ ಇದ್ದಾಗ ಅದು ಇಂಗ್ಲಿಷಿನವರ ಹರಟೆಕಟ್ಟೆ. 2021ರ ಮೇ ತಿಂಗಳಲ್ಲಿ ಆಂಡ್ರಾಯ್ಡಿಗೆ ಬಂದ ಮೇಲೆ ತಾನೇ ನಾವು ಲಾಕ್‌ಡೌನ್ ರಾತ್ರಿಗಳಲ್ಲಿ ಕನ್ನಡದ ಕೋಣೆಗಳಲ್ಲಿ ಕೂತದ್ದು?

ಇಂಗ್ಲಿಷಿನಲ್ಲಿಟ್ಟುಕೊಂಡ ಐಫೋನಿನಿಂದ ಹೊರಟ ಚೀಟಿಯೂ ಇಂಗ್ಲಿಷಿನಲ್ಲೇ ಹೋಗುತ್ತಿತ್ತು. ಈಗ ಚೀಟಿಯ ಭಾಷೆ ಕಳಿಸುವವರದ್ದಲ್ಲ, ಪಡೆಯುವವರದ್ದು. ಹೆಸರು ಸೇರಿಸುವಾಗಲೇ ಕನ್ನಡ, ತಮಿಳು, ತೆಲುಗು, ಹಿಂದಿ ಅಂತ ಆರಿಸಬೇಕು. ಬೆಂಗಳೂರಲ್ಲವೇ.

ಐಫೋನಿನ ಅಂಗಡಿ ಮುಚ್ಚೋಣ ಅನ್ನೋ ಮಾತು ನಮ್ಮಿಬ್ಬರ ನಡುವೆ ಪ್ರತಿ ವರ್ಷ ಬರುತ್ತದೆ. ಲೆಕ್ಕ ಹಾಕಿದರೆ ಮುಚ್ಚುವುದೇ ಸರಿ. ಆದರೆ ಮುಚ್ಚಿದರೆ ನಲವತ್ತು ಮನೆಯ ಹಾಲಿನವರಿಗೆ, ಇಸ್ತ್ರಿಯವರಿಗೆ ಎದುರು ತುದಿ ಇಲ್ಲವಾಗುತ್ತದೆ. ಈ ತಿಂಗಳು ನವೀಕರಣದ ದಿನ ಬಂದಾಗ ಗೆಳತಿ ಹೇಳಿದಳು, ‘ಕಟ್ಟೋಣ. ಅರ್ಧ ನಿಂದು, ಅರ್ಧ ನಂದು. ಆದ್ರೆ ಈ ಸಲ ಮೊದಲು ಆಂಡ್ರಾಯ್ಡಿನಲ್ಲಿ ಹಾಲಿನವರ ಪುಟ, ಆಮೇಲೆ ಬೇರೆಯದು.’ ಕಟ್ಟಿದೆವು.

ಹಾಲಿನವರ ಪುಟ ಕಳೆದ ವಾರ ಹೊರಬಂತು. ಒಂದೇ ಪರದೆಯಲ್ಲಿ ಎಲ್ಲ ಮನೆ, ಬಾಗಿಲ ನಂಬರಿನ ಪ್ರಕಾರ ಸಾಲಾಗಿ, ಒಂದು ಕೈಯಲ್ಲಿ ಕ್ಯಾನು ಹಿಡಿದೇ ಒತ್ತಬಹುದಾದಷ್ಟು ದೊಡ್ಡ ಗುಂಡಿಗಳು. ಆ ಒಂದು ನಕ್ಷತ್ರದ ವಿಮರ್ಶೆ ಈಗ ಮೂರಕ್ಕೆ ಏರಿದೆ. ಕೆಳಗೆ ಬರೆದಿದ್ದಾರೆ: ‘40 ಮನೆ ಬಂತು. ಎಮ್ಮೆ ಹಾಲು ಬೇರೆ ರೇಟು, ಅದು ಹಾಕಿ. ಕಾಲ್ ಮಾಡಿ.’